ಶಾಲೆಯ ಗೋಡೆ ಮೇಲೆ ನಮ್ಮ ಹಳ್ಳದ ನಿಜವಾದ ಬಣ್ಣ ಬರೆಯಬೇಕು ಅಂತಿದ್ದೇವೆ, ಅನುಭವ ಇದ್ದವರು ಹೇಳಿ

ಬಣ್ಣದ ಟೀಚರ್ (ಯಾದಗಿರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಊರಿನ ಹೆಸರು ಬೇಡ, ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ. ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ಕೈಗಾರಿಕಾ ಪ್ರದೇಶ ಇದೆ. ಔಷಧಿಗೆ ಬೇಕಾಗುವ ರಾಸಾಯನಿಕ ಮಾಡುವ ಘಟಕಗಳೇ ಜಾಸ್ತಿ. ರಾತ್ರಿ ಹನ್ನೊಂದರ ಮೇಲೆ ಘಾಟು ಶುರುವಾಗುತ್ತದೆ. ಕೆಲವು ದಿನ ಕೊಳೆತ ಮೊಟ್ಟೆಯ ನಾತ, ಕೆಲವು ದಿನ ಉಗುರಿನ ಬಣ್ಣದ ಥರ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ಮಾಳಿಗೆ ಮೇಲೆ ಮಲಗುವವರು, ಈಗ ಮಕ್ಕಳನ್ನು ಒಳಗೆ ಕರೆದುಕೊಂಡು ಕಿಟಕಿ ಮುಚ್ಚಿ ಬೆವರುತ್ತಾ ಮಲಗುತ್ತಾರೆ.

ಹೋದ ವರ್ಷ ಜೂನ್ 5ಕ್ಕೆ ಪರಿಸರ ದಿನ ಮಾಡಿದೆವು. ಒಂದು ಘಟಕದವರೇ ಬಂದು ಸಸಿ ಕೊಟ್ಟರು, ನೋಟ್‌ಬುಕ್ ಕೊಟ್ಟರು, ಫೋಟೋ ತೆಗೆಸಿಕೊಂಡರು. ನಾನು ಮಕ್ಕಳಿಗೆ ಚಿತ್ರ ಸ್ಪರ್ಧೆ ಇಟ್ಟಿದ್ದೆ. ಎಂಟನೇ ಕ್ಲಾಸಿನ ಹುಡುಗ ಒಬ್ಬ ಊರು, ಹೊಲ, ಹಳ್ಳ ಬರೆದು ಹಳ್ಳಕ್ಕೆ ಹಳದಿ ತುಂಬುತ್ತಾ ಕೂತಿದ್ದ. ನಾನು ಹೋಗಿ "ನೀರಿಗೆ ನೀಲಿ ಹಚ್ಚಪ್ಪ" ಅಂದೆ. ಅವನು ನನ್ನ ಮುಖ ನೋಡಿದ, ಏನೂ ಮಾತಾಡಲಿಲ್ಲ, ಹಳದಿ ಮೇಲೆಯೇ ನೀಲಿ ಹಚ್ಚಿದ. ಅದು ಹಸಿರಾಯಿತು. ಆ ಚಿತ್ರಕ್ಕೆ ಎರಡನೇ ಬಹುಮಾನ ಕೊಟ್ಟೆ ಬೇರೆ. ಆಮೇಲೆ ಒಂದು ದಿನ ಬಸ್ ತಪ್ಪಿ ಹೊಲದ ದಾರಿಯಲ್ಲಿ ನಡೆದು ಬರುವಾಗ ಹಳ್ಳ ನೋಡಿದೆ. ಹಳದಿಯೇ ಇತ್ತು. ಇಪ್ಪತ್ತು ತಿಂಗಳಿಂದ ಅದೇ ಊರಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಹಳ್ಳದ ಕಡೆ ಹೋಗಿಯೇ ಇರಲಿಲ್ಲ.

ಈಗ ಶಾಲೆಯ ಕಂಪೌಂಡ್ ಗೋಡೆ ಮೇಲೆ ಮಕ್ಕಳ ಕೈಯಿಂದ ದೊಡ್ಡ ಚಿತ್ರ ಬರೆಸಬೇಕು ಅಂತಿದೆ. ರಸ್ತೆ ಕಡೆಯ ಗೋಡೆ, ಅರವತ್ತು ಅಡಿ ಉದ್ದ. ಹೆಡ್ ಮಾಸ್ತರರು ಒಳ್ಳೆಯವರೇ, ಆದರೆ ಹೆದರುತ್ತಾರೆ. ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ ಸಮಿತಿ) ಇರುವವರಲ್ಲಿ ಅರ್ಧ ಜನರ ಮಕ್ಕಳು ಅದೇ ಘಟಕಗಳಲ್ಲಿ ಕೆಲಸಕ್ಕಿದ್ದಾರೆ. ಚಿತ್ರ, ಹಾಡು, ನಾಟಕ ಇಂಥದ್ದರಿಂದ ಏನಾದರೂ ಆಗುತ್ತದಾ, ಅಥವಾ ನಾವು ಸುಮ್ನೆ ಸಮಾಧಾನಕ್ಕೆ ಮಾಡಿಕೊಳ್ಳುವುದಾ? ಮಾಡಿದವರು ಇದ್ದರೆ ತಪ್ಪು ಎಲ್ಲಾಯಿತು ಅಂತ ಹೇಳಿ, ಅದೇ ಹೆಚ್ಚು ಬೇಕು.

ಬಿಸಿಲೂರು ಹುಡುಗ (ಕಲಬುರಗಿ)

ಗೋಡೆ ಯಾರು ನೋಡುತ್ತಾರೆ ಟೀಚರ್, ರೀಲ್ಸ್ ಮಾಡಿ. ಒಂದು ಹಲಗೆ ಬಡಿತ, ಒಂದು ಹುಡುಗನ ರಾಪ್, ಹಿಂದೆ ಹೊಗೆ. ಒಂದೇ ದಿನದಲ್ಲಿ ಲಕ್ಷ ವ್ಯೂಸ್. ಬೆಂಗಳೂರಿನಲ್ಲಿ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ರಸ್ತೆ ಗುಂಡಿಯಲ್ಲಿ ಮೊಸಳೆ ಇಟ್ಟಾಗ ಏನಾಯಿತು ನೋಡಿದ್ದೀರಲ್ವಾ, ದೇಶವೆಲ್ಲ ನೋಡಿತು, ಗುಂಡಿಯೂ ಮುಚ್ಚಿತು.

ಕಾಗಿಣಾ ದಂಡೆ (ಸೇಡಂ ಕಡೆ)

ತಮ್ಮಾ, ಗುಂಡಿ ಮುಚ್ಚುವುದಕ್ಕೆ ಅರ್ಧ ದಿನ ಸಾಕು, ಒಂದು ಲಾರಿ ಜಲ್ಲಿ. ಟೀಚರ್ ಕೇಳುತ್ತಿರುವುದು ಅಂಥ ಗುಂಡಿ ಅಲ್ಲ.

ಟೀಚರಮ್ಮ, ನಮ್ಮ ಕಡೆಯದು ರಾಸಾಯನಿಕ ಅಲ್ಲ, ಸಿಮೆಂಟ್ ಧೂಳು. ಸುಣ್ಣದ ಕಲ್ಲಿನ ನಾಡು ನಮ್ಮದು, ಕೆಳಗೆ ಅಗೆದರೆ ಬೂದು ಬಣ್ಣದ ಶಾಬಾದಿ ಪರಸಿ ಕಲ್ಲು, ಮೇಲೆ ತೊಗರಿ. ತೊಗರಿ ಹೂ ಬಿಡುವ ಹೊತ್ತಿಗೆ ಎಲೆ ಮೇಲೆ ಬೂದಿ ಬಳಿದಂತೆ ಕೂತಿರುತ್ತದೆ. ನಾವು ಐದಾರು ಜನ ಸೇರಿ ಮೂರು ವರ್ಷದ ಹಿಂದೆ ಒಂದು ಕೆಲಸ ಮಾಡಿದೆವು, ಅದನ್ನು ಹೇಳುತ್ತೇನೆ.

ಮುತ್ಯಾಗಳ ಹಳೆಯ ಬಿಳಿ ಧೋತರ ಹನ್ನೆರಡು ಕೂಡಿಸಿದೆವು. ಹನ್ನೆರಡು ಮನೆ ಮಾಳಿಗೆ ಮೇಲೆ ಎರಡು ಕೋಲು ನಿಲ್ಲಿಸಿ ಕಟ್ಟಿದೆವು. ಕಾರ್ಖಾನೆ ಪಕ್ಕದ ಓಣಿಯಿಂದ ಹಿಡಿದು ದೂರ ದೂರಕ್ಕೆ. ಒಂದನ್ನು ಮಾತ್ರ ಹದಿನೈದು ಕಿಲೋಮೀಟರ್ ಆಚೆ ನಮ್ಮ ಅತ್ತೆಯ ಊರಿನಲ್ಲಿ ಕಟ್ಟಿದೆವು. ಎಂಟು ದಿನ ಬಿಟ್ಟು ಇಳಿಸಿ, ಮೂಲೆಯಲ್ಲಿ ತಾರೀಕು ಮತ್ತು ಓಣಿ ಹೆಸರು ಬರೆದು, ಊರ ಜಾತ್ರೆಯಲ್ಲಿ ತೇರಿನ ದಾರಿಗೆ ಸಾಲಾಗಿ ತೂಗುಹಾಕಿದೆವು. ಚಿತ್ರ ಒಂದನ್ನೂ ಬರೆಯಲಿಲ್ಲ, ಘೋಷಣೆಯೂ ಇಲ್ಲ. ಮೊದಲನೇ ಧೋತರ ಪರಸಿ ಕಲ್ಲಿನ ಬಣ್ಣಕ್ಕೆ ತಿರುಗಿತ್ತು, ಕೊನೆಯದು ಹೆಚ್ಚು ಕಡಿಮೆ ಬಿಳಿ. ಜನ ತೇರು ಬಿಟ್ಟು ಅದರ ಮುಂದೆ ನಿಂತರು. ನಮ್ಮ ಅವ್ವ ಎರಡನೇ ಧೋತರ ಮುಟ್ಟಿ "ಇದನ್ನೇ ಅಲ್ಲೇನು ನಾವು ದಿನಾ ನುಂಗಾದು" ಅಂದಳು. ಅವಳು ಅದಕ್ಕೆ ಮುಂಚೆ ಮೂವತ್ತು ವರ್ಷ ಕಸಬರಿಗೆ ಹಿಡಿದು ಅದೇ ಧೂಳು ಗುಡಿಸಿದವಳು.

ದೆಹಲಿಯಲ್ಲಿ 2018ರ ನವೆಂಬರ್‌ನಲ್ಲಿ ಆಸ್ಪತ್ರೆ ಮುಂದೆ ಫಿಲ್ಟರ್ ಬಟ್ಟೆಯಿಂದ ಮಾಡಿದ ದೊಡ್ಡ ಶ್ವಾಸಕೋಶ ನಿಲ್ಲಿಸಿದ್ದರು, ಕೆಲವೇ ದಿನಗಳಲ್ಲಿ ಕಪ್ಪಾಗಿತ್ತು. ಅದನ್ನು ಪೇಪರಿನಲ್ಲಿ ನೋಡಿಯೇ ನಮಗೆ ಈ ಯೋಚನೆ ಬಂದದ್ದು. ಅವರದು ದುಡ್ಡಿನ ಕೆಲಸ, ನಮ್ಮದು ಹಳೇ ಧೋತರ.

ಈಗ ತಪ್ಪು. ಅಲ್ಲಿಗೆ ಒಬ್ಬ ಇಂಜಿನಿಯರ್ ಬಂದು ಒಂದೇ ಮಾತು ಕೇಳಿದ: "ಇದು ಚಿಮಣಿಯದೋ, ಲಾರಿ ಓಡಾಡುವ ಕಚ್ಚಾ ರಸ್ತೆಯದೋ ಹೇಗೆ ಗೊತ್ತು?" ನಮ್ಮ ಬಾಯಿ ಬಂದ್. ನಿಜವಾಗಿಯೂ ಬಟ್ಟೆ ನೋಡಿ ಅದು ಹೇಳಲು ಬರುವುದಿಲ್ಲ. ಒಂದು ತಿಂಗಳು ಟ್ಯಾಂಕರ್‌ನಿಂದ ರಸ್ತೆಗೆ ನೀರು ಹೊಡೆಸಿದರು, ಆಮೇಲೆ ಅದೂ ನಿಂತಿತು. ನಾವು ಧೋತರ ಮಡಿಚಿ ಟ್ರಂಕಿನಲ್ಲಿಟ್ಟೆವು. ಅವತ್ತೇ ಜನ ಸೇರಿದ್ದಾಗ ಒಂದು ಅರ್ಜಿಗೆ ಸಹಿ ಹಾಕಿಸಿಕೊಂಡಿದ್ದರೆ ನೂರಾರು ಸಹಿ ಸಿಗುತ್ತಿತ್ತು. ಪೆನ್ನೇ ತಂದಿರಲಿಲ್ಲ ನಾವು. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ನಿವೃತ್ತ ಕೆಮಿಸ್ಟ್ರಿ (ಕಲಬುರಗಿ)

ಧೋತರದ ಕಥೆ ಬಹಳ ಹಿಡಿಸಿತು. ಲಾರಿ ಧೂಳಾದರೂ ಆ ಲಾರಿ ಯಾರ ಕಲ್ಲು ಹೊರುತ್ತದೆ ಅಂತ ಅವತ್ತೇ ತಿರುಗಿಸಿ ಕೇಳಬೇಕಿತ್ತು. ಇರಲಿ. ಧೂಳು ಹಳ್ಳಿಯವರ ತಲೆನೋವು ಮಾತ್ರ ಅಂತ ನಮ್ಮ ನಗರದವರು ಅಂದುಕೊಂಡಿದ್ದರೆ ಒಂದು ಮಾತು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ಕರ್ನಾಟಕದಿಂದ ಪಟ್ಟಿಗೆ ಸೇರಿದ ನಾಲ್ಕು ಊರುಗಳಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆ ಕಲಬುರಗಿಯೂ ಇತ್ತು.

ಟೀಚರ್, ನಿಮಗೆ ಒಂದು ಎಚ್ಚರಿಕೆ. ಹಳ್ಳ ಹಳದಿ ಇದೆ ಅಂದ ಮಾತ್ರಕ್ಕೆ ಅದರಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಬಣ್ಣ ಇದ್ದದ್ದೆಲ್ಲ ವಿಷ ಅಲ್ಲ, ವಿಷಕ್ಕೆಲ್ಲ ಬಣ್ಣ ಇರುವುದಿಲ್ಲ. ನಿಮ್ಮದೇ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ನೆನಪಿಸಿಕೊಳ್ಳಿ, ಬೋರ್ ನೀರಿನಲ್ಲಿ ಆರ್ಸೆನಿಕ್ ಸಿಕ್ಕ ಊರು. ಆರ್ಸೆನಿಕ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಒಂದು ಲೀಟರಿಗೆ 0.01 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅನ್ನುತ್ತಾರೆ, ಅಷ್ಟು ಸಣ್ಣ ಲೆಕ್ಕ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲಿನಲ್ಲಿ ಗಂಟು, ಮೈಮೇಲೆ ಕಲೆ ಕಂಡಾಗಲೇ ಜನಕ್ಕೆ ತಿಳಿಯುವುದು. ಬೋರ್ ನೀರಿನ ಫ್ಲೋರೈಡ್ ಕೂಡ ಹಾಗೆಯೇ, ನೋಡಿದರೆ ತಿಳಿನೀರು. ಹಾಗಾಗಿ ಗೋಡೆ ಮೇಲೆ ಹಳದಿ ಹಳ್ಳ, ಪಕ್ಕದಲ್ಲಿ ಬೋರಿನಿಂದ ಬೆಳ್ಳಗೆ ಸುರಿಯುವ ನೀರು ಬರೆದು 'ಇದು ಒಳ್ಳೆಯದು' ಅನ್ನುವ ಹಾಗೆ ತೋರಿಸಬೇಡಿ. ಎರಡನ್ನೂ ಪರೀಕ್ಷೆ ಮಾಡಿಸಿ.

ರಾತ್ರಿಯ ಘಾಟಿನ ಬಗ್ಗೆ. ರಾತ್ರಿ ಬೇಕಂತಲೇ ಬಿಡುತ್ತಾರೆ ಅಂತ ಎಲ್ಲರೂ ಅನ್ನುತ್ತಾರೆ, ಇರಬಹುದು. ಆದರೆ ಹಗಲು ನೆಲ ಕಾದಾಗ ಗಾಳಿ ಮೇಲೇಳುತ್ತದೆ, ಹೊಗೆಯೂ ಅದರ ಜೊತೆ ಹೋಗುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ತಂಪು ಗಾಳಿ ಕೆಳಗೆ ಕೂತು ಮೇಲೆ ಮುಚ್ಚಳ ಹಾಕಿದ ಹಾಗೆ ಆಗುತ್ತದೆ. ಅಷ್ಟೇ ಹೊಗೆ ಬಿಟ್ಟರೂ ಮೂಗಿಗೆ ಜಾಸ್ತಿ ಬಡಿಯುತ್ತದೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಯಾರಾದರೂ ಇದನ್ನು ಎತ್ತಿ "ನಿಮ್ಮ ಆರೋಪ ಸುಳ್ಳು" ಅನ್ನುವ ಮೊದಲೇ ನಿಮಗೆ ಗೊತ್ತಿರಲಿ. ಮತ್ತೆ ಕೊಳೆತ ಮೊಟ್ಟೆ ನಾತದ ಗ್ಯಾಸ್ ಜಾಸ್ತಿಯಾದಾಗ ಮೂಗು ಅದನ್ನು ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ನಾತ ನಿಂತಿತು ಅಂತ ಖುಷಿ ಪಡುವ ಹಾಗಿಲ್ಲ.

ಇನ್ನೊಂದು, ಇದು ಬಹಳ ಜನರಿಗೆ ಗೊತ್ತಿಲ್ಲ. ನೀವೇ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕೊಟ್ಟರೆ ಅದು ನಿಮ್ಮ ತಿಳುವಳಿಕೆಗೆ ಮಾತ್ರ. ಘಟಕದ ಮೇಲೆ ಕೇಸು ನಿಲ್ಲಬೇಕಾದರೆ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಹೇಳುವ ರೀತಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಟಿಸ್ ಕೊಟ್ಟು, ಸೀಲ್ ಮಾಡಿ ಸ್ಯಾಂಪಲ್ ತೆಗೆಯಬೇಕು. ಹಾಗಾಗಿ ನಿಮ್ಮ ಚಿತ್ರದ ಕೆಲಸ ಮಂಡಳಿಯವರನ್ನು ಹಳ್ಳದ ತನಕ ನಡೆಸಿಕೊಂಡು ಬರುವುದು. ಯಾವ ತಾರೀಕು, ಯಾವ ಹೊತ್ತು, ಯಾವ ಜಾಗ ಅಂತ ಬರೆದಿಟ್ಟರೆ ಅವರಿಗೆ ತಪ್ಪಿಸಿಕೊಳ್ಳುವುದು ಕಷ್ಟ. ಘಟಕಗಳು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಪರಿಸರ ವರದಿ ಕೊಡಬೇಕು, ಫಾರ್ಮ್ 5 ಅಂತಾರೆ. ಎಷ್ಟು ನೀರು ಬಳಸಿದೆವು, ಎಷ್ಟು ಅಪಾಯಕಾರಿ ತ್ಯಾಜ್ಯ ಬಂತು ಅಂತ ಅದರಲ್ಲಿ ಅವರೇ ಬರೆದಿರುತ್ತಾರೆ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಆದ್ದರಿಂದ ರಾಮಾಯಣ ಬರೆಯಬೇಡಿ. ಅರ್ಜಿಯನ್ನು ಶಾಲೆಯ ಹೆಸರಿನಲ್ಲಿ ಹಾಕಬೇಡಿ, ಊರಿನವರು ಯಾರಾದರೂ ಹಾಕಲಿ. ನಿಮ್ಮ ನೌಕರಿ ಇದೆ.

ಗೋಡೆ ಮೇಲೆ 'ವಿಷ' ಅನ್ನುವ ಪದವನ್ನು ವರದಿ ಕೈಗೆ ಬರುವ ತನಕ ಬರೆಯಬೇಡಿ. ಹಳ್ಳ ಯಾವ ಬಣ್ಣ ಇದೆಯೋ ಅದೇ ಬಣ್ಣ ಬರೆಯಿರಿ. ಅದಕ್ಕೆ ಯಾರೂ ಕೇಸು ಹಾಕಲಾರರು.

ಶಿಫ್ಟ್ ಹುಡುಗ (ಊರು ಹೇಳಲ್ಲ)

ಟೀಚರ್, ನಾನು ಅಂಥದೇ ಒಂದು ಘಟಕದಲ್ಲಿ ಇದ್ದೇನೆ. ಹೊಸ ಐಡಿ ಮಾಡಿ ಬರೆಯುತ್ತಿದ್ದೇನೆ. ನಿಮ್ಮ ಪೋಸ್ಟಿನಲ್ಲಿ 'ಅದೇ ಘಟಕಗಳಲ್ಲಿ ಕೆಲಸಕ್ಕಿದ್ದಾರೆ' ಅಂತ ಬರೆದ ಸಾಲು ನನಗೆ ಚುಚ್ಚಿತು. ನಾವು ನಿಮ್ಮ ಎದುರು ಪಾರ್ಟಿ ಅಲ್ಲ. ಊರಿನವರು ರಾತ್ರಿ ಮೂಗಿಗೆ ತೆಗೆದುಕೊಳ್ಳುವುದನ್ನು ನಾವು ಹನ್ನೆರಡು ತಾಸು ತೆಗೆದುಕೊಳ್ಳುತ್ತೇವೆ, ಅದೂ ಮೂರು ಕಿಲೋಮೀಟರ್ ದೂರದಿಂದ ಅಲ್ಲ, ಮೂರು ಅಡಿಯಿಂದ. ಡ್ರಮ್ ಮೇಲೆ ತಲೆಬುರುಡೆ ಗುರುತು ಇರುತ್ತದೆ, ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತದೆ, ನಾನು ಎಸ್ಸೆಸ್ಸೆಲ್ಸಿ. ಕೊಟ್ಟ ಕೈಗವಸು ಒಂದು ವಾರಕ್ಕೆ ಹರಿಯುತ್ತದೆ, ಹೊಸದು ತಿಂಗಳಿಗೆ. ಗುತ್ತಿಗೆ ಮೇಲೆ ಇದ್ದೇವೆ, ಬಾಯಿ ಬಿಟ್ಟರೆ ನಾಳೆಯಿಂದ ಬರಬೇಡ.

ಈ ಕೆಲಸಕ್ಕೆ ಮುಂಚೆ ನಾನು ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದೆ. ಈಗ ಮನೆಯಲ್ಲಿ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತೇನೆ. ನೀವು 'ಕಾರ್ಖಾನೆ ಮುಚ್ಚಿ' ಅಂತ ಬರೆದರೆ ಮೊದಲು ನಮ್ಮವ್ವನೇ ಬಂದು ಅದರ ಮೇಲೆ ಸಗಣಿ ಬಳಿಯುತ್ತಾಳೆ. ಗೋಡೆ ಮೇಲೆ ನಮ್ಮನ್ನೂ ಬರೆಯಿರಿ. ಮುಖ ಬೇಡ, ಕೈ ಬರೆಯಿರಿ ಸಾಕು. ನನ್ನ ಎರಡೂ ಅಂಗೈ ಚರ್ಮ ಸುಲಿದಿದೆ, ಯಾವ ಡ್ರಮ್ಮಿನಿಂದ ಅಂತಲೂ ನನಗೆ ಗೊತ್ತು. ಆ ಡ್ರಮ್ಮಿನ ಹೆಸರನ್ನು ಕನ್ನಡದಲ್ಲಿ ಬರೆದು ಕೊಡುವವರು ಯಾರಾದರೂ ಇದ್ದರೆ ಅದೇ ನಮಗೆ ದೊಡ್ಡ ಸಹಾಯ.

ನಿವೃತ್ತ ಕೆಮಿಸ್ಟ್ರಿ (ಕಲಬುರಗಿ)

ತಮ್ಮಾ, ಹೆಸರು ಒಂದು ಚೀಟಿಯಲ್ಲಿ ಬರೆದು ಇಲ್ಲಿ ಖಾಸಗಿ ಸಂದೇಶದಲ್ಲಿ ಕಳಿಸು, ಫೋಟೋ ತೆಗೆಯಲು ಹೋಗಿ ಸಿಕ್ಕಿಬೀಳಬೇಡ. ಪ್ರತಿ ರಾಸಾಯನಿಕಕ್ಕೂ ಸುರಕ್ಷತಾ ಹಾಳೆ ಅಂತ ಇರುತ್ತದೆ. ಮೈಗೆ ತಾಗಿದರೆ ಏನು ಮಾಡಬೇಕು, ಯಾವ ಕೈಗವಸು ತಡೆಯುತ್ತದೆ, ಎಲ್ಲ ಅದರಲ್ಲಿ ಇರುತ್ತದೆ. ಕನ್ನಡ ಮಾಡಿಕೊಡುತ್ತೇನೆ, ನನಗೆ ಬೇರೆ ಕೆಲಸ ಏನಿದೆ ಈಗ. ಅಷ್ಟರಲ್ಲಿ ಚರ್ಮದ ಡಾಕ್ಟರಿಗೆ ಕೈ ತೋರಿಸು, ಎಲ್ಲಿ ಕೆಲಸ ಮಾಡುತ್ತೀಯ ಅನ್ನುವುದನ್ನು ಅವರಿಂದ ಮುಚ್ಚಿಡಬೇಡ.

ಹಲಗಿ ಮ್ಯಾಳ (ಜೇವರ್ಗಿ)

ನಾನು ಬೀದಿ ನಾಟಕದವನು. ಸಮುದಾಯ ತಂಡ 1979ರಲ್ಲಿ ರಾಜ್ಯವೆಲ್ಲ ಜಾಥಾ ಸುತ್ತಿದ ಮೇಲೆ ಬೀದಿ ನಾಟಕ ಅಂದರೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಈಗ ಸಮಸ್ಯೆ ಏನೆಂದರೆ ಅದೇ ಬೀದಿ ನಾಟಕವನ್ನು ಎಲ್ಲ ಇಲಾಖೆಯವರೂ ಬಾಡಿಗೆಗೆ ತೆಗೆದುಕೊಂಡಿದ್ದಾರೆ. ಶೌಚಾಲಯ, ಮತದಾನ, ಏಡ್ಸ್, ಎಲ್ಲದಕ್ಕೂ ಅದೇ ಕೆಂಪು ಜುಬ್ಬಾ, ಅದೇ "ಬನ್ನಿರಿ ಬನ್ನಿರಿ". ಹಲಗೆ ಶಬ್ದ ಕೇಳಿದ ತಕ್ಷಣ ಜನ ಇದು ಸರ್ಕಾರದ್ದು ಅಂತ ಮನೆಯೊಳಗೆ ಹೋಗುತ್ತಾರೆ. ನಾನೂ ಅಂಥವು ಮಾಡಿದ್ದೇನೆ, ಹೊಟ್ಟೆಪಾಡು.

ನಮ್ಮ ಕಡೆ ಕೆಲಸ ಮಾಡುವುದು ಜನರ ಹತ್ತಿರ ಮೊದಲೇ ಇರುವ ಹಾಡು. ಮೊಹರಂಗೆ ಅಲಾಯಿ ಕುಣಿಯುವಾಗ ರಿವಾಯತ್ ಪದ ಹಾಡುತ್ತಾರಲ್ಲ, ಸವಾಲು ಜವಾಬು ಇರುತ್ತದೆ, ಆ ವರ್ಷದ ಬರ, ಜಗಳ, ರೇಟು ಎಲ್ಲ ಅದರಲ್ಲಿ ಬರುತ್ತದೆ. ಹಿಂದೂ ಮುಸ್ಲಿಂ ಅಂತ ಇಲ್ಲ, ಓಣಿಯೇ ಕುಣಿಯುತ್ತದೆ. ಹಳ್ಳದ ಪ್ರಶ್ನೆಯನ್ನು ಒಬ್ಬ ಹಾಡುಗಾರ ಅಲ್ಲಿ ಸವಾಲಾಗಿ ಎತ್ತಿದರೆ ಜವಾಬು ಕೊಡಲೇಬೇಕು, ಪಂಚಾಯ್ತಿ ಮೆಂಬರು ಅಲ್ಲೇ ನಿಂತಿರುತ್ತಾನೆ! ನೀವು ಬರೆದುಕೊಡಬೇಡಿ. ಹಾಡುವವರಿಗೆ ವಿಷಯ ಹೇಳಿ, ಪದ ಅವರೇ ಕಟ್ಟಲಿ. ಭಜನೆ ಮನೆಯಲ್ಲಿ ತತ್ವಪದದ ಧಾಟಿ ಹಿಡಿದರೂ ನಡೆಯುತ್ತದೆ, ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನ ನೆಲ ಇದು, ಸೊಕ್ಕಿದವರನ್ನು ಹಾಡಿನಲ್ಲಿ ಬೈಯುವುದು ನಮಗೆ ಯಾರೂ ಕಲಿಸಬೇಕಿಲ್ಲ. ಒಂದು ಮಾತು: ರಾಶಿ ಟೈಮಿನಲ್ಲಿ ಏನೂ ಇಟ್ಟುಕೊಳ್ಳಬೇಡಿ, ನಾಯಿಯೂ ಬರುವುದಿಲ್ಲ.

ಬಿಸಿಲೂರು ತಮ್ಮ ರಾಪ್ ಅಂದನಲ್ಲ, ಅವನು ಪೂರ್ತಿ ತಪ್ಪಲ್ಲ. ಕೊಡೈಕೆನಾಲ್‌ನಲ್ಲಿ ಪಾದರಸದ ಥರ್ಮಾಮೀಟರ್ ಕಾರ್ಖಾನೆ ಇತ್ತು. 2001ರಲ್ಲಿ ಅದರ ಒಡೆದ ಗಾಜು ಗುಜರಿ ಅಂಗಡಿಯಲ್ಲಿ ಸಿಕ್ಕಿ, ಜನ ಗದ್ದಲ ಮಾಡಿ, ಕಾರ್ಖಾನೆ ಮುಚ್ಚಿತು. ಪರಿಹಾರಕ್ಕಾಗಿ ಕಾರ್ಮಿಕರು ಹೋರಾಡುತ್ತಲೇ ಇದ್ದರು. 2015ರಲ್ಲಿ ಚೆನ್ನೈನ ಹುಡುಗಿ ಒಬ್ಬಳು ಮಾಡಿದ ರಾಪ್ ವಿಡಿಯೋ ಲಕ್ಷಾಂತರ ಜನ ನೋಡಿದರು, 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರ ಜೊತೆ ಕಂಪನಿ ಒಪ್ಪಂದಕ್ಕೆ ಬಂತು. ಎಲ್ಲರೂ ಹಾಡು ಗೆದ್ದಿತು ಅಂತಾರೆ. ಹಾಡಿಗೆ ಮುಂಚೆ ಹದಿನಾಲ್ಕು ವರ್ಷ ಆ ಕಾರ್ಮಿಕರು ಕಾಗದ ಹಿಡಿದು ಕಚೇರಿ, ಕೋರ್ಟು ಅಂತ ತಿರುಗಿದ್ದರು ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಕಾಗದ ಇತ್ತು, ಕೇಳುವವರಿರಲಿಲ್ಲ, ಹಾಡು ಕೇಳಿಸಿತು. ಕಾಗದವೇ ಇಲ್ಲದಿದ್ದರೆ ಆ ಲಕ್ಷ ವ್ಯೂಸ್ ತೆಗೆದುಕೊಂಡು ಏನು ಮಾಡಬೇಕಿತ್ತು?

ಕಾಗಿಣಾ ದಂಡೆ (ಸೇಡಂ ಕಡೆ)

ಹಲಗಿ ಅಣ್ಣ, ಅದೇ ನಮ್ಮ ಪೆನ್ನಿನ ಕಥೆ.

ಟೀಚರಮ್ಮ, ಇನ್ನೊಂದು ಬಿಟ್ಟೆ. ಜಾತ್ರೆಯಲ್ಲಿ ನಮ್ಮ ಗೆಳೆಯ ಒಬ್ಬ ದಮ್ಮು ಹಿಡಿದು ಮಲಗಿದ್ದ ಮುದುಕಿಯ ಫೋಟೋ ದೊಡ್ಡದು ಮಾಡಿಸಿ ಧೋತರದ ಪಕ್ಕ ಹಾಕಿದ್ದ. ಆಯಿಗೆ ಕೇಳಿರಲಿಲ್ಲ. ಅವಳ ಮಗ ಬಂದು ಹರಿದು ಹಾಕಿದ, "ನಮ್ಮವ್ವ ಸತ್ತಿಲ್ಲ ಇನ್ನೂ" ಅಂತ ಅತ್ತುಬಿಟ್ಟ. ಅವತ್ತಿನ ತನಕ ನಮ್ಮ ಜೊತೆ ಇದ್ದ ಓಣಿ ಅದು, ಆಮೇಲೆ ಬರಲಿಲ್ಲ.

ಕೋಟೆ ಮಣ್ಣು (ಬೀದರ್)

ಜಪಾನಿನ ಮಿನಮಾಟದಲ್ಲಿಯೂ ಇಂಥದ್ದೇ ಆಗಿದೆ. ಅಲ್ಲಿ ಕಾರ್ಖಾನೆಯ ಪಾದರಸ ಸಮುದ್ರದ ಮೀನಿಗೆ ಸೇರಿ ಜನರ ನರ ಹೋದವು, 1956ರಲ್ಲಿ ಕಾಯಿಲೆ ದಾಖಲಾಯಿತು, ಅದಕ್ಕೆ ಮುಂಚೆಯೇ ಊರಿನ ಬೆಕ್ಕುಗಳು ಹುಚ್ಚು ಹಿಡಿದಂತೆ ತಿರುಗಿ ಬಿದ್ದು ಸಾಯುತ್ತಿದ್ದವು. ತಾಯಿ ಮಗಳಿಗೆ ಸ್ನಾನ ಮಾಡಿಸುವ ಒಂದು ಫೋಟೋ ಜಗತ್ತಿಗೆಲ್ಲ ಆ ಊರನ್ನು ತೋರಿಸಿತು. ಮನೆಯವರು ಒಪ್ಪಿಯೇ ತೆಗೆಸಿದ ಫೋಟೋ ಅದು. ಆದರೂ 1990ರ ದಶಕದಲ್ಲಿ ಅವರು ಇನ್ನು ಸಾಕು ಅಂದರು, ಫೋಟೋದ ಹಕ್ಕು ಇದ್ದವರು ಅದಕ್ಕೆ ತಲೆಬಾಗಿದರು. ಕೇಳಿ ತೆಗೆಸಿದ್ದಕ್ಕೇ ಹೀಗೆ.

ನಾನು ಬಿದ್ರಿ ಕೆಲಸದವನು, ಮೂರನೇ ತಲೆಮಾರು. ಬಣ್ಣದ ಬಗ್ಗೆ ಯಾರೂ ಮಾತಾಡಲಿಲ್ಲ, ಅದನ್ನು ನಾನು ಹೇಳುತ್ತೇನೆ. ಮಾಲಿನ್ಯದ ಚಿತ್ರವನ್ನು ಅಗ್ಗದ ಆಯಿಲ್ ಪೇಂಟಿನಲ್ಲಿ ಬರೆಯಬೇಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅಂತ 2016ರಲ್ಲಿ ನಿಯಮ ಆಗಿದೆ. ಹೆಸರಿಲ್ಲದ ಡಬ್ಬಿಗಳಲ್ಲಿ ಎಷ್ಟಿದೆ ಅಂತ ಯಾರು ನೋಡಿದ್ದಾರೆ? ಮಕ್ಕಳು ಅದೇ ಕೈಯಲ್ಲಿ ಬಿಸಿಯೂಟ ತಿನ್ನುತ್ತಾರೆ. ಗೋಡೆಗೆ ಸುಣ್ಣ ಹೊಡೆಸಿ, ಅದರ ಮೇಲೆ ಕೆಮ್ಮಣ್ಣು, ಹಳದಿ ಮಣ್ಣು, ಮಸಿ, ಇಷ್ಟೇ ಬಳಸಿ. ಸುಣ್ಣ ಇನ್ನೂ ಹಸಿ ಇರುವಾಗಲೇ ಬರೆದರೆ ಮಣ್ಣಿನ ಬಣ್ಣ ಅದರಲ್ಲಿ ಕಚ್ಚಿಕೊಳ್ಳುತ್ತದೆ, ಮಳೆಗೂ ಬೇಗ ಹೋಗುವುದಿಲ್ಲ.

ಚಿತ್ರ ಹೇಗಿರಬೇಕು ಅನ್ನುವುದಕ್ಕೆ ನನ್ನ ಕೆಲಸದಿಂದ ಒಂದು ಮಾತು. ನಮ್ಮ ಲೋಹ ಸತುವು ಜಾಸ್ತಿ, ತಾಮ್ರ ಕಡಿಮೆ, ಹೆಚ್ಚು ಕಡಿಮೆ ಹದಿನಾರಕ್ಕೆ ಒಂದು. ಮೊದಲು ಮೈಲುತುತ್ತ (ತಾಮ್ರದ ನೀಲಿ ಉಪ್ಪು) ಸವರಿ ಮೈ ಕಪ್ಪಗೆ ಮಾಡಿಕೊಂಡು ಗೆರೆ ಕೊರೆಯುತ್ತೇವೆ, ಬೆಳ್ಳಿ ಕೂರಿಸುತ್ತೇವೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಹೊಸ ಹುಡುಗರು ಹೂಜಿಯ ತುಂಬ ಬೆಳ್ಳಿ ತುಂಬುತ್ತಾರೆ, ಆಗ ಒಂದೂ ಕಾಣುವುದಿಲ್ಲ. ಮಾಲಿನ್ಯದ ಚಿತ್ರ ಅಂದರೆ ಎಲ್ಲರೂ ಅರವತ್ತು ಅಡಿಯನ್ನೂ ಹೊಗೆ, ತಲೆಬುರುಡೆ, ಅಳುವ ಭೂಮಿತಾಯಿಯಿಂದ ತುಂಬುತ್ತಾರೆ. ನೀವು ಊರು ಹೇಗಿದೆಯೋ ಹಾಗೇ ಬರೆಸಿ. ಎಮ್ಮೆ, ಅಗಸಿ ಬಾಗಿಲು, ಕಟ್ಟೆ, ತೊಗರಿ ಹೊಲ, ಶಿಫ್ಟ್ ಹುಡುಗನ ಕೈ. ಹಳ್ಳ ಮಾತ್ರ ಹಳದಿ. ಬಸ್ಸಿನಲ್ಲಿ ಹೋಗುವವನು ಕುತ್ತಿಗೆ ತಿರುಗಿಸಿ ನೋಡುತ್ತಾನೆ.

ಮತ್ತೆ, ನಮ್ಮ ಕಾರ್ಖಾನೆಯ ಮೈಲುತುತ್ತದ ತೊಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ. ಓಣಿಯ ಗಟಾರಕ್ಕೆ. ಇದನ್ನು ಬರೆಯುವಾಗಲೇ ನನಗೆ ನಾಚಿಕೆ ಆಯಿತು.

ನಿವೃತ್ತ ಕೆಮಿಸ್ಟ್ರಿ (ಕಲಬುರಗಿ)

ಕೋಟೆ ಮಣ್ಣು ಅವರೇ, ಒಂದು ಡ್ರಮ್ಮಿನಲ್ಲಿ ಆ ನೀರು ಕೂಡಿಸಿ ಸುಣ್ಣ ಹಾಕಿ, ತಾಮ್ರ ಕೆಳಗೆ ಕೂರುತ್ತದೆ. ಕೆಳಗಿನ ಕೆಸರನ್ನು ಗಟಾರಕ್ಕೆ ಹಾಕಬಾರದು ಮತ್ತೆ. ಫೋನಿನಲ್ಲಿ ಹೇಳುತ್ತೇನೆ.

ಟೀಚರ್, ಮಣ್ಣಿನ ಬಣ್ಣ ಅಂದಾಗ ನೆನಪಾಯಿತು. ದಾಸವಾಳದ ಹೂ ಬಿಸಿನೀರಿನಲ್ಲಿ ನೆನೆಸಿ ಅದರ ರಸವನ್ನು ಬಿಳಿ ಹಾಳೆಗೆ ಹಚ್ಚಿ ನೆರಳಲ್ಲಿ ಒಣಗಿಸಿ. ಹುಳಿ ನೀರು ತಾಗಿದರೆ ಕೆಂಪು, ಕ್ಷಾರದ ನೀರು ತಾಗಿದರೆ ಹಸಿರು. ಅರಿಶಿನದ ಹಾಳೆಯೂ ಮಾಡಿ, ಕ್ಷಾರ ಜಾಸ್ತಿ ಇದ್ದರೆ ಕೆಂಪಗಾಗುತ್ತದೆ. ಘಟಕಗಳು ಹೊರಗೆ ಬಿಡುವ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 9ರೊಳಗೆ ಇರಬೇಕು ಅನ್ನುವುದು ನಿಯಮ. ಈ ಹಾಳೆ ಅಷ್ಟು ನಿಖರವಾಗಿ ಹೇಳುವುದಿಲ್ಲ, ತೀರಾ ಹೆಚ್ಚು ಕಡಿಮೆ ಆದಾಗ ಮಾತ್ರ ಬಣ್ಣ ಬದಲಿಸುತ್ತದೆ. ಆದರೆ ಪ್ರತಿ ಸೋಮವಾರ ಒಂದು ಹಾಳೆ ಅದ್ದಿ, ತಾರೀಕು ಹಾಕಿ ಅಂಟಿಸುತ್ತಾ ಹೋದರೆ ವರ್ಷದ ಕೊನೆಗೆ ಐವತ್ತು ಬಣ್ಣದ ಚೌಕ ಆಗುತ್ತವೆ. ಚಿತ್ರವೂ ಅದೇ, ರಿಜಿಸ್ಟರೂ ಅದೇ. ಒಂದು ಷರತ್ತು, ನೀರು ತರುವುದು ದೊಡ್ಡವರು, ಕೈಗವಸು ಹಾಕಿಕೊಂಡು. ಮಕ್ಕಳನ್ನು ಹಳ್ಳಕ್ಕೆ ಇಳಿಸಬೇಡಿ.

ಬಣ್ಣದ ಟೀಚರ್ (ಯಾದಗಿರಿ ಜಿಲ್ಲೆ)

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್ ಅಂತ ಬೇರೆ ಬೇರೆ ಹೇಳುವುದಿಲ್ಲ. ಶಿಫ್ಟ್ ಹುಡುಗನಿಗೆ ಮಾತ್ರ ಕ್ಷಮಿಸು ಅಂತ ಹೇಳಬೇಕು.

ಹೆಡ್ ಮಾಸ್ತರರಿಗೆ 'ಪರಿಸರದ ಚಿತ್ರ' ಅನ್ನಲಿಲ್ಲ. 'ನಮ್ಮ ಊರು' ಅಂತ ಗೋಡೆ ಚಿತ್ರ ಮಾಡುತ್ತೇವೆ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇವೆ ಅಂದೆ. ಎಸ್‌ಡಿಎಂಸಿ ಸಭೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಒಬ್ಬರು ಕಾಕಾ, ಅವರ ಮಗ ಅಲ್ಲೇ ಕೆಲಸಕ್ಕಿದ್ದಾನೆ, ಕೊನೆಗೆ "ಹಳ್ಳ ಬರೀತೀರೇನ್ರಿ?" ಅಂತ ಕೇಳಿದರು. ಬರೆಯುತ್ತೇವೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬರೀರಿ" ಅಂದರು. ಅದೇ ಕಾಕಾ ಮಾಹಿತಿ ಹಕ್ಕಿನ ಅರ್ಜಿಗೂ ಸಹಿ ಹಾಕಿದ್ದಾರೆ. ಅವತ್ತು ಪೆನ್ನು ಒಯ್ದಿದ್ದೆ, ಎರಡು.

ಸೋಮವಾರದ ಹಾಳೆ ಶುರು ಮಾಡಿದ್ದೇವೆ, ಒಂದೇ ಆಗಿದೆ, ದಾಸವಾಳದ್ದು ಬಣ್ಣ ಬದಲಾಗಲಿಲ್ಲ. ಮಕ್ಕಳಿಗೆ ಸ್ವಲ್ಪ ನಿರಾಸೆ ಆಯಿತು. ಬದಲಾಗದಿದ್ದರೂ ತಾರೀಕು ಹಾಕಿ ಅಂಟಿಸಿದೆವು.

ಆ ಹುಡುಗ ಈಗ ಒಂಬತ್ತನೇ ಕ್ಲಾಸು. ಹಳ್ಳ ನೀನೇ ಬರೆಯಬೇಕು ಅಂದೆ. ಅವನು ಮೊದಲು ಕೇಳಿದ್ದು "ಯಾವ ಹಳದಿ ಟೀಚರ್?" ಅಂತ. ಮಳೆ ಬಂದ ಮರುದಿನ ಒಂದು ಥರ ಇರುತ್ತದಂತೆ, ಬೇಸಿಗೆಯಲ್ಲಿ ನಿಂತ ನೀರು ಚಾದ ಥರ ಇರುತ್ತದಂತೆ, ಅಂಚಿನಲ್ಲಿ ಕಲ್ಲಿಗೆ ಅಂಟಿದ್ದು ಬೇರೆಯೇ ಅಂತೆ. ನಾನು ಪುಸ್ತಕದಿಂದ ಬಣ್ಣದ ವೃತ್ತ ಕಲಿತವಳು, ಅವನು ಬೆರಳು ಮಡಿಸಿ ಐದು ಹಳದಿ ಲೆಕ್ಕ ಕೊಟ್ಟ. ಕೋಟೆ ಮಣ್ಣು ಅಣ್ಣ, ಹಳದಿ ಮಣ್ಣು ಒಂದೇ ಥರದ್ದು ಸಿಕ್ಕಿದೆ ಇಲ್ಲಿ. ಅದಕ್ಕೆ ಸ್ವಲ್ಪ ಅರಿಶಿನ ಬೆರೆಸಿ ಹಸಿ ಸುಣ್ಣದ ಮೇಲೆ ಒಂದು ಗೆರೆ ಎಳೆದು ನೋಡಿದೆವು, ಕೆಂಪಗಾಗಿ ಹೋಯಿತು, ಕೆಮಿಸ್ಟ್ರಿ ಸರ್ ಹೇಳಿದ್ದು ಆಮೇಲೆ ನೆನಪಾಯಿತು. ಸುಣ್ಣದ ಮೇಲೆ ನಿಲ್ಲುವ ಬೇರೆ ಹಳದಿ ನಿಮ್ಮ ಕಡೆ ಸಿಗುತ್ತದಾ? ನಾಲ್ಕು ಬೇಕು.